ದನದ ಡಾಕ್ಟರಿಗೆ ಹಸಿ ಮೇವು

ಹಳ್ಳಿಗಳ ಮೇಲೆ ತಿರುಗುವ ದನದ ಡಾಕ್ಟರ ಬದುಕಿನಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ಎಮ್ಮೆಯಿಂದ ಒದೆಸಿಕೊಂಡದ್ದು, ಸಗಣಿಯಲ್ಲಿ ಜಾರಿ ಬಿದ್ದದ್ದು, ಗೂಳಿ ಅಟ್ಟಿಸಿಕೊಂಡು ಬಂದಾಗ ಹುಣಸೆ ಮರ ಹತ್ತಿದ್ದು, ಇಂಥವು ಆಗುತ್ತಲೇ ಇರುತ್ತವೆ. ಆಗೆಲ್ಲ ನಗುತ್ತಿದ್ದವರು ಊರಿನವರು ಮಾತ್ರ. ಈ ವರ್ಷ ನನ್ನ ಊಟದ ವಿಷಯದಲ್ಲಿ ನಡೆದದ್ದಕ್ಕೆ ಮಾತ್ರ ನಾನೂ ಮನಸಾರೆ ನಕ್ಕಿದ್ದೇನೆ. ಗೆದ್ದವನು ನಗದೆ ಇನ್ನೇನು ಮಾಡುತ್ತಾನೆ?

ಸೂಜಿ

ಯುಗಾದಿಯ ಒಬ್ಬಟ್ಟು ಇನ್ನೂ ಹೊಟ್ಟೆಯಲ್ಲಿರುವಾಗಲೇ ಮುಳಬಾಗಿಲಿನ ನಮ್ಮ ಡಾಕ್ಟರ ಹತ್ತಿರ ಹೋದೆ. ನಾನು ದನದ ಡಾಕ್ಟರಾದರೆ ಅವರು ಮನುಷ್ಯರ ಡಾಕ್ಟರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಬೈಯುವುದರಲ್ಲಿ ಹಿರಿಯರು. ರಿಪೋರ್ಟ್ ನೋಡಿ ಕನ್ನಡಕ ತೆಗೆದರು.

"ಎರಡು ಥರದ ಮಾತ್ರೆ ನುಂಗ್ತಿದ್ದೀರಿ, ಆದ್ರೂ ಶುಗರ್ ಏರ್ತಾನೇ ಇದೆ. ಮೂರು ತಿಂಗಳು ಟೈಮ್ ಕೊಡ್ತೀನಿ. ಊಟ ಸರಿ ಮಾಡ್ಕೊಳ್ಳಿ. ಇಳೀದಿದ್ರೆ ದಿನಾ ಇನ್ಸುಲಿನ್ ಸೂಜಿ."

ಸೂಜಿ ಎಂದು ಕೇಳಿದ್ದೇ ತಡ, ಕೋಣೆಯೆಲ್ಲ ಗಿರ್ರನೆ ತಿರುಗಿತು. ಇಡೀ ತಾಲ್ಲೂಕಿನ ಹಸು ಎಮ್ಮೆಗಳಿಗೆ ಸೂಜಿ ಚುಚ್ಚಿದ ಕೈ ನನ್ನದು. ಅದರಲ್ಲಿ ನನಗೊಂದು ಹೆಸರೂ ಇದೆ. ಯಜಮಾನರು ಹಸುವಿನ ತಲೆ ಹಿಡಿದು ಕಿವಿಯಲ್ಲಿ ಏನಾದರೂ ಮಾತಾಡುತ್ತಿರಬೇಕು. ನಾನು ಹಿಂದಿನಿಂದ ಅಂಗೈಯಲ್ಲಿ ದಬದಬ ತಟ್ಟುತ್ತಾ, ಆ ತಟ್ಟಿನ ಭರದಲ್ಲೇ ಸೂಜಿ ಇಳಿಸಿಬಿಡುತ್ತೇನೆ. ಹಸುವಿಗೆ ತಿಳಿಯುವುದೇ ಇಲ್ಲ. ಆದರೆ ಅದೇ ಸೂಜಿ ನನ್ನ ಕಡೆ ಮುಖ ಮಾಡಿದರೆ ನನ್ನ ಕಥೆ ಮುಗಿಯಿತು. ಈ ರಿಪೋರ್ಟಿಗೆಂದು ರಕ್ತ ಕೊಡುವಾಗಲೂ ಬೆಂಚಿನಿಂದ ಜಾರಿ ಬಿದ್ದಿದ್ದೆ.

"ಏನ್ರೀ ಇದು! ಹಸುಗೆ ಹಾಕೋ ಸೂಜಿ ಎಷ್ಟು ದಪ್ಪ, ಇದು ಕೂದಲಷ್ಟೇ ಇರುತ್ತೆ. ಹಸುನೇ ಹೆದರಲ್ಲ, ನೀವು ಹೆದರ್ತೀರಲ್ಲ?"

"ಹಸು ನಾಲ್ಕು ಕಾಲ ಮೇಲೆ ನಿಂತಿರುತ್ತೆ ಸಾರ್," ಎಂದೆ, "ನನಗಿರೋದು ಎರಡೇ."

ಹಸುವಿಗೆ ಹೇಳಿದ್ದು

ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಊಟ ಸರಿ ಮಾಡಿಕೊಳ್ಳುವುದನ್ನು ಸೋಮವಾರದಿಂದ ಶುರು ಮಾಡೋಣ ಎಂದು ತೀರ್ಮಾನಿಸಿ ಎರಡನೇ ಸಲ ಅನ್ನ ಹಾಕಿಸಿಕೊಂಡಿದ್ದೆ. ಆಗ ಫೋನು ಬಂತು. ದೇವರಾಯಸಮುದ್ರದಿಂದ ಗೌರಿಯ ಯಜಮಾನಿ. ಗೌರಿ ಎಂದರೆ ಹಸು. ಪಕ್ಕದ ಮನೆಯ ನಾಮಕರಣದಲ್ಲಿ ಮಿಕ್ಕ ಅನ್ನ, ಪಾಯಸ ಎಲ್ಲ ತಂದು ಗೌರಿಗೆ ಹಾಕಿದ್ದಾರೆ. ಗೌರಿ ಹೊಟ್ಟೆ ಉಬ್ಬಿಸಿಕೊಂಡು ಮಲಗಿದೆ.

ನನಗೆ ಪಿತ್ತ ನೆತ್ತಿಗೇರಿತು. ಬಾಯಲ್ಲಿದ್ದ ತುತ್ತು ನುಂಗಿ ಕೂಗಾಡಿದೆ.

"ಅನ್ನ ಹಾಕಿದ್ರಾ? ಬುದ್ಧಿ ಇದೆಯೇನಮ್ಮ? ಅನ್ನ ಪೂರ್ತಿ ನಿಲ್ಸಿ! ಸಿಹಿ ಅನ್ನೋದನ್ನ ಕಣ್ಣಿಗೂ ತೋರಿಸ್ಬೇಡಿ. ಚೇತರಿಸಿಕೊಂಡ ಮೇಲೂ ಹಸಿ ಸೊಪ್ಪು ಕೊಡಿ, ಹೊತ್ತು ಹೊತ್ತಿಗೆ ಅಳತೆಯಾಗಿ ಕೊಡಿ. ಕಟ್ಟಿದ ಕಡೆಯೇ ಬಿಡ್ಬೇಡಿ, ದಿನಾ ನಡೆಸಿ! ಇನ್ನರ್ಧ ಗಂಟೇಲಿ ಬಂದು ನೋಡ್ತೀನಿ."

ಫೋನಿಟ್ಟು ತಿರುಗಿದರೆ ತಟ್ಟೆಯಿಲ್ಲ. ನನ್ನ ಹೆಂಡತಿ ಅದನ್ನು ಎತ್ತಿಕೊಂಡು ಹೋಗಿ, ಅದರ ಜಾಗದಲ್ಲಿ ಇನ್ನೊಂದು ತಟ್ಟೆ ತಂದಿಟ್ಟಳು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದೊಂದು ಮುದ್ದೆ, ಅದು ಮುಳುಗುವಷ್ಟು ಮಸ್ಸೊಪ್ಪು, ಬೇಯಿಸಿದ ಹುರುಳಿಕಾಳು, ಸೌತೆಕಾಯಿ.

"ಏನೇ ಇದು?"

"ನೀವೇ ಹೇಳಿದ್ರಲ್ಲ ಈಗ, ಇಡೀ ಬೀದಿಗೆ ಕೇಳೋ ಹಾಗೆ."

"ಅದು ಹಸುಗೆ ಕಣೇ ಹೇಳಿದ್ದು!"

"ಹಸುಗಾಗೋದು ಎತ್ತಿಗೂ ಆಗುತ್ತೆ, ತಿನ್ನಿ."

ಕಾಲೇಜಿಗೆ ಹೋಗುವ ಮಗಳು ಕಿಸಕ್ಕನೆ ನಕ್ಕಳು. ಅವಳ ತಟ್ಟೆಗೂ ಸೊಪ್ಪು ಬಿದ್ದಾಗ ನಗು ನಿಂತಿತು. "ಅಪ್ಪನಿಗೆ ಶುಗರ್ ಬಂದ್ರೆ ನಂಗ್ಯಾಕಮ್ಮ ಸೊಪ್ಪು?" ಎಂದು ರಾಗ ಎಳೆದಳು.

"ಒಂದು ಕೊಟ್ಟಿಗೇಲಿ ಎರಡು ಮೇವು ಕಲೆಸೋಕೆ ನನ್ನ ಕೈಲಾಗಲ್ಲ," ಎಂದಳು ಅವಳಮ್ಮ.

ಬೇಕರಿ

ಒಂದು ವಾರ ಮಸ್ಸೊಪ್ಪು, ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ ತಿಂದ ಮೇಲೆ ನನ್ನ ಕಾಲುಗಳು ತಾವಾಗಿಯೇ ಬೇಕರಿಯ ಕಡೆ ಹೊರಟವು. ಬೇಕರಿಯ ಸಾಬರು ನನ್ನ ಹಳೆಯ ಸ್ನೇಹಿತರು. ಅವರ ಮನೆಯ ಮೇಕೆಗಳಿಗೆಲ್ಲ ನಾನೇ ವೈದ್ಯ, ಅವರ ಕೊಬ್ಬರಿ ಹೂರಣದ ದಿಲ್‌ಪಸಂದಿಗೆ ನಾನೇ ಮೊದಲ ಗಿರಾಕಿ. ಗಾಜಿನ ಹಿಂದೆ ಅದು ತುಪ್ಪ ಬಿಟ್ಟುಕೊಂಡು ಕೂತಿತ್ತು.

"ಒಂದೇ ಒಂದು ತುಂಡು ಕೊಡಿ ಭಾಯಿ."

ಸಾಬರು ಅತ್ತ ಇತ್ತ ನೋಡಿದರು. "ನಕ್ಕೋ ಡಾಕ್ಟರ್ ಸಾಬ್, ಆಗಲ್ಲ. ಅಕ್ಕ ಬೆಳಗ್ಗೇನೇ ಬಂದು ಹೇಳಿ ಹೋಗವ್ರೆ."

"ಏನಂತ ಹೇಳಿದಾಳೆ?"

"ನಿಮಗೆ ದಿಲ್‌ಪಸಂದ್ ಕೊಟ್ರೆ, ಇನ್ಮೇಲೆ ನನ್ನ ಬಕ್ರಿಗೆ ನಿಮ್ಮನ್ನ ಕಳಿಸಲ್ವಂತೆ."

ನನಗೆ ರೇಗಿತು. "ನಲವತ್ತು ಹಳ್ಳಿ ನನ್ನ ಮಾತು ಕೇಳುತ್ತೆ ಭಾಯಿ! ನಾನು ಎಲ್ಲಿಗೆ ಹೋಗ್ಬೇಕು ಅಂತ ತೀರ್ಮಾನ ಮಾಡೋಕೆ ಅವಳ್ಯಾರು?"

"ಅದನ್ನ ನೀವೇ ಅಕ್ಕಂಗೆ ಹೇಳ್ತೀರಾ?" ಎಂದರು ಸಾಬರು.

ನಾನು ಹುರಿದ ಕಡಲೆಕಾಯಿಯ ಒಂದು ಪೊಟ್ಟಣ ತೆಗೆದುಕೊಂಡು ಮನೆಗೆ ಬಂದೆ.

ಮಾವಿನ ತೋಪು

ಅಷ್ಟರಲ್ಲಿ ಮಾವಿನ ಕಾಲ ಬಂತು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆ ಕಾಲಿಟ್ಟು ಹಣ್ಣು ತಿನ್ನದೆ ವಾಪಸು ಬಂದವರನ್ನು ನಾನಂತೂ ಕಂಡಿಲ್ಲ. ಬೇಡ ಎಂದರೆ ತೋಟದವರಿಗೆ ಅವಮಾನ. ಇದೇ ಹೊತ್ತಿಗೆ ಅದೇ ಕಡೆಯ ಗೌನಿಪಲ್ಲಿಯ ತೋಪೊಂದರಿಂದ ಕರೆ ಬಂತು, ಅಲ್ಲಿಯ ದನದ ಡಾಕ್ಟರು ರಜೆಯಲ್ಲಿದ್ದರು. ಹೋಗಿ ನೋಡಿದರೆ, ಹಗ್ಗ ಬಿಚ್ಚಿಕೊಂಡ ಹಸುವೊಂದು ಮರದಡಿ ಬಿದ್ದ ಬಾದಾಮಿ ಮಾವಿನ ಹಣ್ಣನ್ನು ಹೊಟ್ಟೆ ಬಿರಿಯುವಷ್ಟು ತಿಂದು, ಕಣ್ಣು ಮೇಲೆ ಮಾಡಿಕೊಂಡು ನಿಂತಿದೆ.

ಎಣ್ಣೆ ಕುಡಿಸಿ, ಹೊಟ್ಟೆ ತಿಕ್ಕಿ, ನಿಧಾನವಾಗಿ ನಡೆಸಿದೆವು. ಹಸು ಒಂದು ದೊಡ್ಡ ತೇಗು ತೇಗಿತು. ಯಜಮಾನನಿಗೆ ಹೋದ ಜೀವ ಬಂದ ಹಾಗಾಯಿತು. ಓಡಿಹೋಗಿ ಒಂದು ತಟ್ಟೆಯ ತುಂಬ ಹಣ್ಣು ಕೊಯ್ದು ತಂದ.

"ತಿನಂಡಿ ಸಾರ್! ಆ ಮರದ್ದೇ. ಅಂಥ ರುಚಿ ಇರೋದಕ್ಕೇ ಅದು ಹಂಗ್ ತಿಂದಿದ್ದು!"

ಹಣ್ಣಿನ ವಾಸನೆಗೆ ನನ್ನ ಬಾಯಲ್ಲಿ ನೀರು ಉಕ್ಕಿತು. ತಟ್ಟೆ ನೋಡಿದೆ, ಹಸು ನೋಡಿದೆ. ಹಸುವೂ ನನ್ನನ್ನೇ ನೋಡುತ್ತಿತ್ತು. ಇನ್ನೊಂದು ತಿಂಗಳಿಗೆ ಡಾಕ್ಟರ ಕೋಣೆ, ಸೂಜಿ, ಎಲ್ಲ ಕಣ್ಣ ಮುಂದೆ ಬಂತು.

"ಒಂದೇ ಹೋಳು ಸಾಕಪ್ಪ," ಎಂದು ಒಂದು ಹೋಳು ತಿಂದು ತಟ್ಟೆ ಹಿಂದಕ್ಕೆ ಕೊಟ್ಟೆ. ನನ್ನ ಜೀವಮಾನದಲ್ಲಿ ಅಂಥ ಕೆಲಸ ಮಾಡಿದ್ದು ಅದೇ ಮೊದಲು. ಎದೆ ಉಬ್ಬಿತು, ಸತ್ಯವಾಗಿ ಉಬ್ಬಿತು.

ಯಜಮಾನ ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಆಮೇಲೆ ಹಸುವಿನ ಕಡೆ ತಿರುಗಿ, "ಚೂಡವೇ, ಡಾಕ್ಟ್ರನ್ನ ನೋಡಿ ಕಲಿ!" ಎಂದ.

ತಟ್ಟು

ಮೂರು ತಿಂಗಳು ಮುಗಿಯಿತು. ಪ್ಯಾಂಟು ಸಡಿಲವಾಗಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಆದರೂ ಒಳಗೆ ಏನಾಗಿದೆಯೋ ಯಾರಿಗೆ ಗೊತ್ತು? ಅದನ್ನು ತಿಳಿಯಬೇಕಾದರೆ ಮತ್ತೆ ರಕ್ತ ಕೊಡಬೇಕು. ರಕ್ತ ಕೊಡಬೇಕಾದರೆ ಮತ್ತೆ ಸೂಜಿ.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೆಂಡತಿಯ ಜೊತೆ ಡಾಕ್ಟರ ಆಸ್ಪತ್ರೆಗೆ ಹೋದೆ. ನನ್ನ ಹಿಂದೆ ಬೇಕರಿಯ ಸಾಬರೂ ಅದೇ ಪರೀಕ್ಷೆಗೆ ಕೂತಿದ್ದರು. ಮೂಲೆಯಲ್ಲಿ ಮಂಡಿನೋವಿಗೆಂದು ಬಂದಿದ್ದ ಗೌರಿಯ ಯಜಮಾನಿ. ರಕ್ತ ತೆಗೆಯುವ ಹುಡುಗಿ ನನ್ನ ತೋಳಿಗೆ ಪಟ್ಟಿ ಕಟ್ಟಿದ್ದೇ ನಾನು ಬೆವೆತೆ. ಅವಳು ಸೂಜಿ ತೆಗೆದರೆ ನಾನು ಕೈ ಎಳೆದುಕೊಳ್ಳುತ್ತೇನೆ. ಮತ್ತೆ ತೆಗೆದರೆ ಮತ್ತೆ ಎಳೆದುಕೊಳ್ಳುತ್ತೇನೆ.

ಗೌರಿಯ ಯಜಮಾನಿ ನೋಡುವಷ್ಟು ನೋಡಿ ಎದ್ದು ಬಂದಳು.

"ಯಾಕಮ್ಮ, ಡಾಕ್ಟ್ರಪ್ಪ ಹಿಂಗೆ ಜಗ್ತವ್ರೆ?"

"ಸೂಜಿ ಕಂಡ್ರೆ ಭಯ ಅಕ್ಕ," ಎಂದಳು ನನ್ನ ಹೆಂಡತಿ.

"ಅಷ್ಟೇನಾ? ನಮ್ ಗೌರಿಗೆ ಇವ್ರೇ ಹೆಂಗ್ ಹಾಕಿದ್ರೋ ಹಂಗೇ ಹಾಕ್ಸಾಣ. ಅಮ್ಮ, ನೀನು ತಲೆ ಹಿಡ್ಕೊಂಡು ಕಿವೀಲಿ ಮಾತಾಡ್ತಿರು."

ನಾನು ಬೇಡ ಎನ್ನುವುದರೊಳಗೆ ಹೆಂಡತಿ ನನ್ನ ತಲೆ ಎದೆಗವಚಿಕೊಂಡು, ಸೆರಗಿನಿಂದ ಕಣ್ಣು ಮುಚ್ಚಿ, ಕಿವಿಯಲ್ಲಿ ರಾತ್ರಿಯ ಸಾರಿಗೆ ಯಾವ ಸೊಪ್ಪು ಎಂದು ಕೇಳತೊಡಗಿದಳು. ಹಿಂದಿನಿಂದ ಗೌರಿಯ ಯಜಮಾನಿ ನನ್ನ ಬೆನ್ನಿಗೆ ದಬದಬ ತಟ್ಟತೊಡಗಿದಳು. ಹಾಲು ಕರೆದು ಗಟ್ಟಿಯಾದ ಕೈ!

"ಹೋ, ಹೋ, ನಮ್ಮಪ್ಪ, ನಿಲ್ಲು, ನಿಲ್ಲು..."

"ಅಯ್ಯೋ, ಸಾಕು ನಿಲ್ಸಿ!" ಎಂದು ನಾನು ಕೂಗಿದೆ. "ಮೊದಲು ಸೂಜಿ ಹಾಕ್ಬಿಡಿ!"

"ಆಗಲೇ ಆಯ್ತು ಸಾರ್," ಎಂದಳು ಹುಡುಗಿ, ರಕ್ತದ ಕೊಳವೆ ತೋರಿಸುತ್ತ.

ಇಡೀ ಕೋಣೆ ಹೋ ಎಂದು ನಕ್ಕಿತು. ಬೇಕರಿಯ ಸಾಬರು ಮಾತ್ರ ನಗಲಿಲ್ಲ. ಅಂಗಿಯ ತೋಳು ಮಡಚಿಕೊಂಡು ಬಂದು ಕೂತು, ಮೆಲ್ಲಗೆ, "ಅಮ್ಮಾ, ನನಗೂ ಸ್ವಲ್ಪ ತಟ್ಟಿ," ಎಂದರು.

ಮಧ್ಯಾಹ್ನ ರಿಪೋರ್ಟ್ ಬಂತು. ಡಾಕ್ಟರು ಅದನ್ನು ಎರಡು ಸಲ ನೋಡಿ, ನನ್ನ ಮುಖವನ್ನೊಮ್ಮೆ ನೋಡಿ, ಕೈ ಕುಲುಕಿದರು. ಸೂಜಿ ಇಲ್ಲ. ಜೊತೆಗೆ ಒಂದು ಮಾತ್ರೆ ಕಡಿಮೆ! ನನ್ನ ಕಣ್ಣಲ್ಲಿ ನೀರು ಬಂತು, ಹೆಂಡತಿಯ ಕಣ್ಣಲ್ಲೂ ಬಂತು. ಮಂಡಿ ತೋರಿಸಲು ಬಾಗಿಲಲ್ಲಿ ಕಾದಿದ್ದ ಗೌರಿಯ ಯಜಮಾನಿ ಕರೆಯುವ ಮೊದಲೇ ಒಳಗೆ ಬಂದುಬಿಟ್ಟಳು.

"ಭಲೇ! ಆದ್ರೆ ಸುಮಾರು ಜನ ಇಲ್ಲೇ ಕೆಡೋದು," ಎಂದರು ಡಾಕ್ಟರು. "ಶುಗರ್ ಇಳೀತು ಅಂತ ಮತ್ತೆ ಸಿಕ್ಕಿದ್ದೆಲ್ಲ ಮೇಯೋಕೆ ಹೊರಟುಬಿಡ್ತಾರೆ. ನೀವು ಹೇಗೆ?"

ನಾನು ಬಾಯಿ ತೆರೆಯುವ ಮೊದಲೇ ಗೌರಿಯ ಯಜಮಾನಿ ಉತ್ತರ ಕೊಟ್ಟಳು.

"ಎಲ್ಲಿಗೋಯ್ತಾರೆ ಸಾರ್? ಹಗ್ಗ ಅಮ್ಮನ ಕೈಲೈತೆ."