ಬೆಳಕಿಗೆ ಬರುವವು, ಕತ್ತಲಿಗೆ ಓಡುವವು

ಹುಳಹುಪ್ಪಟೆಗಳನ್ನು ಪ್ರೀತಿಸುವವರೊಬ್ಬರು ಜೊತೆಯಲ್ಲಿದ್ದರೆ ಏನಾದರೊಂದು ಪ್ರಸಂಗ ನಡೆಯುತ್ತಲೇ ಇರುತ್ತದೆ. ನಾನು ಹೊಸಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದಾಗ ನಮ್ಮ ಸೈನ್ಸ್ ಮಾಸ್ತರರು ಅಂಥವರು. ಯಾವ ಹುಳ ಬೆಳಕಿಗೆ ಬರುತ್ತದೆ, ಯಾವುದು ಕತ್ತಲಿಗೆ ಓಡುತ್ತದೆ ಎಂಬುದೇ ಅವರ ಧ್ಯಾನ. ನಾವು ನಗುತ್ತಿದ್ದೆವು, ಅವರು ಹೇಳಿದ್ದು ಮಾತ್ರ ಒಮ್ಮೆಯೂ ಸುಳ್ಳಾಗಲಿಲ್ಲ.

೧. ಎರೆಹುಳದ ಪಾಠ

ಒಂದು ದಿನ ಮಾಸ್ತರರು ಕ್ಲಾಸಿನ ಕಿಟಕಿ ಬಾಗಿಲುಗಳಿಗೆಲ್ಲ ಗೋಣಿತಟ್ಟು ಇಳಿಬಿಟ್ಟು, ಒದ್ದೆ ತಟ್ಟೆಯಲ್ಲಿ ಎರೆಹುಳ ಬಿಟ್ಟು ಬ್ಯಾಟರಿ ಹಾಕಿದರು. ಹುಳಗಳು ಮೈ ಕುಗ್ಗಿಸಿ ನೆರಳಿನತ್ತ ಸರಿದವು. ಕಣ್ಣೇ ಇಲ್ಲದ ಜೀವ ಚರ್ಮದಿಂದಲೇ ಬೆಳಕನ್ನು ಅರಿಯುತ್ತದೆ ಎಂದಾಗ ನೋಡಲು ಬಂದಿದ್ದ ನನಗೂ ಮೈ ಜುಮ್ಮೆಂದಿತು. ಗೋಣಿತಟ್ಟು ತೆಗೆಸಿದರೆ ಹಿಂದಿನ ಬೆಂಚುಗಳು ಖಾಲಿ.

ಮಾಸ್ತರರಿಗೆ ಸಿಟ್ಟು ಬರಲಿಲ್ಲ. “ಕತ್ತಲಿಗೆ ಓಡೋದನ್ನ ಹುಳ ತೋರಿಸಿದ್ವು, ಪಂಡಿತರ. ಕತ್ತಲಾಗ ಓಡೋದನ್ನ ಹುಡುಗ್ರು ತೋರಿಸಿದ್ರು” ಎಂದರು.

೨. ಮದುವೆ ಊಟ

ಕಡ್ಡಿರಾಂಪುರದಲ್ಲೊಂದು ಮದುವೆ. ಸಂಜೆ ಮಳೆ ನಿಂತು, ಬೀಗರು ಊಟಕ್ಕೆ ಕೂತಿದ್ದರು. ಗ್ಯಾಸ್ ದೀಪಕ್ಕೆ ಮುತ್ತಿದ ಹುಳಗಳು ಸಾರಿಗೆ ಬೀಳತೊಡಗಿದವು. ಬೀಗರ ಹಿರಿಯರು ಏಳುವ ಸೂಚನೆ ಕಂಡು ಹೆಣ್ಣಿನ ತಂದೆಯ ಮುಖ ಬಿಳಿಚಿತು. ಮಾಸ್ತರರು ದೀಪವನ್ನು ಹಿತ್ತಲಿಗೆ ಸಾಗಿಸಿ, ನೀರು ತುಂಬಿದ ಕೊಪ್ಪರಿಗೆಯ ಮೇಲೆ ತೂಗುಹಾಕಿಸಿದರು. ಹುಳಗಳೆಲ್ಲ ಅತ್ತ ಹೋದವು. ಹಣತೆಯ ಮಿಣುಕಿನಲ್ಲಿ ಊಟ ಸಾಗಿತು.

ಮರುದಿನ ಹೆಣ್ಣಿನ ತಂದೆ ಕೈಮುಗಿದು, “ಮಾನ ಉಳಿಸಿದ್ರಿ, ಮಾಸ್ತರ. ಆದ್ರ ಕತ್ತಲಾಗ ಬೀಗರು ಏಳೋದ ಮರತ್ರು. ಹೋಳಿಗಿ ಮುಗದು ನಮಗ ಅನ್ನಸಾರು ಉಳೀತು” ಎಂದರು.

೩. ಕರಿಯ ಕೋಟು

ಮಾಸ್ತರರ ಮನೆಯ ಮಂಚಕ್ಕೆ ತಗಣಿ ಬಿದ್ದು ಅವರ ಹೆಂಡತಿಗೆ ನಿದ್ದೆಯೇ ಇರಲಿಲ್ಲ. ಒಂದು ಬೆಳಿಗ್ಗೆ ಮಾಸ್ತರರು ಮಂಚವನ್ನು ಬಿಸಿಲಿಗೆಳೆದರು. ಬಿಸಿಲಿಗೆ ಹೊರಬಿದ್ದ ತಗಣಿಗಳು ಮಡಿಕೆಯ ಕತ್ತಲು ಹುಡುಕುತ್ತವೆಂದು, ಕೈಗೆ ಸಿಕ್ಕ ಕರಿಯ ಬಟ್ಟೆಯನ್ನು ಮಡಿಸಿ ಮಂಚದ ಮೇಲಿಟ್ಟರು. ಸಿಕ್ಕಿದ್ದು ಅವರ ಶಾಲೆಯ ಕೋಟು. ಸಂದುಗೊಂದುಗಳಿಂದ ತಗಣಿಗಳು ಸಾಲಾಗಿ ಅದರೊಳಕ್ಕೆ ನಡೆದದ್ದನ್ನು ಓಣಿಯ ಜನವೆಲ್ಲ ಬೆರಗಾಗಿ ನೋಡಿದೆವು.

ಅಷ್ಟರಲ್ಲಿ ಜವಾನ ಓಡಿಬಂದು, ನಾಳೆ ಬರಬೇಕಿದ್ದ ಇನ್‌ಸ್ಪೆಕ್ಟರರು ಈಗಲೇ ಬಂದಿದ್ದಾರೆ ಎಂದ. ಮಾಸ್ತರರ ಕೆಲಸ ಖಾಯಂ ಆಗುವುದು ಆ ಭೇಟಿಯ ಮೇಲಿತ್ತು. ಗಾಬರಿಯಲ್ಲಿ ಅದೇ ಕೋಟು ತೊಟ್ಟು ಓಡಿದರು.

ಹೆಡ್‌ಮಾಸ್ತರರ ಕೋಣೆಯಲ್ಲಿ ಇನ್‌ಸ್ಪೆಕ್ಟರರು ಅವರನ್ನು ತಮ್ಮ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡರು. ಮಾಸ್ತರರ ಕತ್ತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಇತ್ತೀಚೆಗೆ ಯಾವ ಪ್ರಯೋಗ ಮಾಡಿದಿರಿ ಎಂದು ಕೇಳಿದಾಗ ಸುಳ್ಳು ಹೇಳಲಾಗಲಿಲ್ಲ. ಎದ್ದು ಕೋಟು ಬಿಚ್ಚಿ, ಕಿಟಕಿಯ ಬಿಸಿಲಿಗೆ ಹರವಿ, ಕಾಲರು ಬಿಡಿಸಿ ತೋರಿಸಿದರು. ಇನ್‌ಸ್ಪೆಕ್ಟರರು ಬಾಗಿ ಬಹಳ ಹೊತ್ತು ನೋಡಿದರು.

“ಮಂಚದಲ್ಲಿ ಎಷ್ಟು ಉಳಿದಿವೆ?”

“ಒಂದೂ ಇಲ್ರಿ ಸಾರ್. ಎಲ್ಲಾ ನನ್ನ ಕೂಡ ಸಾಲಿಗೆ ಬಂದಾವ್ರಿ.”

ಆ ವರ್ಷವೇ ಅವರ ಕೆಲಸ ಖಾಯಂ ಆಯಿತು. ಇನ್‌ಸ್ಪೆಕ್ಟರರು ಮುಂದೆ ಬಂದಾಗಲೆಲ್ಲ ಅವರನ್ನು ಮನಸಾರೆ ಹೊಗಳುತ್ತಿದ್ದರು, ನಿಂತುಕೊಂಡೇ.