ಒಂದೇ ಗೆರೆ, ಪಕ್ಕದಲ್ಲಿ ಸಹಿ

ಕಾನೂನು ಗೊತ್ತಿಲ್ಲದವನಿಗೆ ಒಂದು ಅನುಕೂಲವಿದೆ. ಗೊತ್ತಿಲ್ಲ ಎಂದು ಹೇಳಿ ಎಷ್ಟು ದಿನ ಬೇಕಾದರೂ ಸುಮ್ಮನೆ ಕೂರಬಹುದು. ನಾನು ನಾಲ್ಕು ತಿಂಗಳು ಕೂತೆ. ಕಮಲಾಪುರದಲ್ಲಿ ನನ್ನದು ಹೊಲಿಗೆ ಅಂಗಡಿ. ನನ್ನ ಹೆಂಡತಿ ಶಾಂತಾ ನಮ್ಮ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಅಧ್ಯಕ್ಷೆಯಾಗಿದ್ದಳು. ಅವಳು ತೀರಿಕೊಂಡ ಮೇಲೆ, ಮಗಳು ಅದೇ ಶಾಲೆಯಲ್ಲಿ ಆರನೆಯ ತರಗತಿ ಓದುತ್ತಾಳೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಆ ಕುರ್ಚಿಗೆ ಏರಿಸಿದರು. ಹುಡುಗಿಯರ ಪಾಯಿಖಾನೆಗೆ ಬಾಗಿಲಿರಲಿಲ್ಲ. ಮಧ್ಯಾಹ್ನ ಮನೆಗೆ ಓಡಿದವರಲ್ಲಿ ಎಷ್ಟೋ ಜನ ತಿರುಗಿ ಬರುತ್ತಿರಲಿಲ್ಲ. ನನ್ನ ಮಗಳೂ ಅವರಲ್ಲೊಬ್ಬಳು. ಬಾಗಿಲಿನ ಹಣ ಬ್ಯಾಂಕಿನಲ್ಲೇ ಇತ್ತು. ಬ್ಯಾಂಕಿನವರಿಗೆ ಗೊತ್ತಿದ್ದದ್ದು ಮಾತ್ರ ಶಾಂತಾಳ ಸಹಿ.

ಹೆಡ್‌ಮಾಸ್ತರರು ವಾರಕ್ಕೊಮ್ಮೆ ಠರಾವು ಪುಸ್ತಕ ಹಿಡಿದು ಅಂಗಡಿಗೆ ಬರುತ್ತಿದ್ದರು. "ಶಾಂತಾ ಬಾಯಾರ ಹೆಸರಿಗೆ ಒಂದು ಗೆರಿ ಹೊಡೀರಿ ಬಸಣ್ಣ, ಕೆಳಗ ನಿಮ್ಮ ಹೆಸರು ಬರೀರಿ. ಮುಂದಿಂದು ನಾ ನೋಡ್ಕೋತೀನಿ."

"ಕಾನೂನು ಏನ್ ಹೇಳ್ತದ ನೋಡ್ಬೇಕಲ್ರಿ ಸರ್," ಎಂದು ನಾನು ಕತ್ತರಿ ಹಿಡಿಯುತ್ತಿದ್ದೆ.

ಕೊನೆಗೆ ಕಾನೂನೇ ನನ್ನನ್ನು ಕರೆಸಿತು. ಕಲಬುರಗಿಯ ಸೇಡಂ ರಸ್ತೆಯಲ್ಲಿ ಎರಡು ದಿನದ ತರಬೇತಿ. ಕಾನೂನು ಮತ್ತು ಹಣಕಾಸು. ಜೊತೆಗೆ ಬಂದವನು ಸಮಿತಿಯ ಇನ್ನೊಬ್ಬ ಸದಸ್ಯ, ಬಾಳೆಹಣ್ಣಿನ ವ್ಯಾಪಾರಿ ಮಹಿಬೂಬ. ತರಬೇತಿಯ ಸಾಹೇಬರು ಮಾಡಬಾರದ್ದನ್ನೆಲ್ಲ ಓದುತ್ತ ಹೋದರು. ನೋಟಿಸಿಲ್ಲದೆ ಸಭೆ ಕರೆಯಬಾರದು. ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಳ್ಳಬಾರದು. ಮೂರು ಅಂಗಡಿಯ ದರಪಟ್ಟಿ ಇಲ್ಲದೆ ಕಸಬರಿಗೆಯನ್ನೂ ಕೊಳ್ಳಬಾರದು. ನಾನು ಆರೋಪಿಯಂತೆ ಬರೆದುಕೊಂಡೆ.

ಮಹಿಬೂಬ ಕಿವಿಯಲ್ಲಿ ಹೇಳಿದ: "ಅರೆ ಭಾಯಿ, ಇವರು ಹೆಸರು ಹೇಳದೇ ನಮ್ಮ ಶಾಂತಾ ಭಾಭಿ ಮಾಡಿದ್ದನ್ನೇ ಓದ್ಲಾಕತ್ತಾರಲ್ಲ!"

ನಾನು ಎದ್ದು ನಿಂತು ಕೇಳಿದೆ: "ಸಾಹೇಬ್ರೆ, ಹಳೇ ಅಧ್ಯಕ್ಷರ ಹೆಸರು ಹಂಗೇ ಬಿಟ್ಟು, ಬಾಗಿಲು ಕೂಡ್ಸಲಾಕ ಎಲ್ಲಾದ್ರೂ ದಾರಿ ಅದ ಏನ್ರಿ?"

"ಅದು ನಾಳಿನ ಪಾಠ, ಕೂಡ್ರಿ."

ಮರುದಿನ ಊಟದ ಹೊತ್ತು ಮೀರಿ ಹೊಟ್ಟೆ ಕೂಗುತ್ತಿದ್ದಾಗ ಆ ಪಾಠ ಬಂತು. ಬೇರೆ ದಾರಿ ಇಲ್ಲ. ಹೆಸರನ್ನು ಕೆರೆಯಬಾರದು, ಬಿಳಿ ಬಣ್ಣ ಹಚ್ಚಬಾರದು. ಒಂದೇ ಗೆರೆ ಎಳೆಯಬೇಕು, ಪಕ್ಕದಲ್ಲಿ ಸಹಿ ಮಾಡಬೇಕು. "ಗೆರೆ ಎಳೆದ ಹೆಸರು ಯಾವಾಗಲೂ ಓದಲಿಕ್ಕೆ ಬರಬೇಕು," ಎಂದರು ಸಾಹೇಬರು. ಎರಡು ದಿನದ ತರಬೇತಿಯಲ್ಲಿ ನನಗೆ ಹಿಡಿಸಿದ ಮಾತು ಅದೊಂದೇ.

ಊರಿಗೆ ಬಂದ ಮರುದಿನ ಹೆಡ್‌ಮಾಸ್ತರರು ಪುಸ್ತಕ ಬಿಚ್ಚಿದರು. ಬಟ್ಟೆಯ ಮೇಲೆ ಅಳತೆಪಟ್ಟಿ ಇಲ್ಲದೆ ನೆಟ್ಟಗೆ ಗೆರೆ ಎಳೆಯುವವನು ನಾನು. ಆ ದಿನ ಶಾಂತಾಳ ಹೆಸರಿನ ಮೇಲೆ ಅಳತೆಪಟ್ಟಿ ಇಟ್ಟುಕೊಂಡು ಎಳೆದೆ, ಪಕ್ಕದಲ್ಲಿ ಸಹಿ ಮಾಡಿದೆ. ಅವರು ಪುಟವನ್ನು ಬೆಳಕಿಗೆ ಹಿಡಿದರು.

"ಇದು ಗೆರಿ ಏನ್ರಿ? ಕಣ್ಣಿಗೇ ಕಾಣವಲ್ದು."

"ಹೆಸರು ಓದಲಾಕ ಬರ್ಬೇಕ್ರಿ ಸರ್. ಕಾನೂನು ಅದ," ಎಂದೆ.

ಹದಿನೈದು ದಿನಕ್ಕೆ ಬಾಗಿಲು ಬಂತು, ಒಳಗಿನ ಚಿಲಕದ ಸಮೇತ. ಮಗಳು ಮಧ್ಯಾಹ್ನವೂ ಶಾಲೆಯಲ್ಲೇ ಉಳಿಯತೊಡಗಿದಳು. ಒಂದು ಬಾಗಿಲಿಗೆ ಈ ಕಾನೂನು ನಾಲ್ಕು ತಿಂಗಳು ಕಾಯಿಸಿತಲ್ಲ ಎಂದು ಊರವರೆಲ್ಲ ಬಯ್ದರು. ಎಲ್ಲರಿಗಿಂತ ಜೋರಾಗಿ ಬಯ್ದವನು ನಾನೇ.