ಮಳೆ ಪ್ರೋಗ್ರಾಮಿನ ಕ್ಯಾಲೆಂಡರ್

ನನ್ನ ಸೋದರಮಾವನಿಗೆ ಈ ಲೋಕದಲ್ಲಿ ಇಬ್ಬರೇ ಶತ್ರುಗಳು: ಕಾಡಾನೆ ಮತ್ತು ಕಂಪ್ಯೂಟರ್ ಪ್ರೋಗ್ರಾಮುಗಳ ಹೊಸ ವರ್ಷನ್. ಆನೆಯಾದರೂ ಬೇಲಿ ಮುರಿಯುವಾಗ ಸದ್ದು ಮಾಡುತ್ತದೆ ಎಂಬುದು ಅವರ ವಾದ.

ಮಾದಾಪುರದ ತಮ್ಮ ತೋಟದಲ್ಲಿ ಕೂತು ಮಾವ ಹಿಂದೆಂದೋ ಕಂಪ್ಯೂಟರ್ ಭಾಷೆಯಾದ ವಿಷುವಲ್ ಬೇಸಿಕ್‌ನಲ್ಲಿ ಒಂದು ಮಳೆ ಪ್ರೋಗ್ರಾಮ್ ಬರೆದರು. ನಮ್ಮ ಕಡೆ ಬೆಳಿಗ್ಗೆ ಫೋನ್ ಮಾಡಿದವರು ಯೋಗಕ್ಷೇಮ ಕೇಳುವುದಿಲ್ಲ, "ಎಷ್ಟು ಇಂಚು, ಎಷ್ಟು ಸೆಂಟ್?" ಎಂದು ಮಳೆ ಕೇಳುತ್ತಾರೆ; ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್. ಅಳೆಯುವವರು ಮಾವ. ತೆರೆಯ ಮೇಲಿನ ದೊಡ್ಡ ಕ್ಯಾಲೆಂಡರಿನಲ್ಲಿ ದಿನ ಒತ್ತಿ, ಲೆಕ್ಕ ತುಂಬಿಸಿ, ಹೋದ ವರ್ಷಕ್ಕೆ ಹೋಲಿಸಿ ಫೋನಿನಲ್ಲಿ ಊರಿಗೆಲ್ಲ ತೀರ್ಪು ಕೊಡುವವರು ಅತ್ತೆ. ಅವರ ಕಣ್ಣು ಬರಬರುತ್ತ ಮಂಜಾಗುತ್ತಿದೆ. ಓದು, ಹೊಲಿಗೆ ಎಲ್ಲ ಬಿಟ್ಟಾಯಿತು. ಉಳಿದಿರುವುದು ಈ ಮಳೆಯ ದರ್ಬಾರು ಒಂದೇ.

ಈ ಮುಂಗಾರಿನಲ್ಲಿ ಹಳೆಯ ಕಂಪ್ಯೂಟರ್ ತೀರಿಕೊಂಡಿತು. ನಾನು ಹೊಸದನ್ನು ತಂದಿಟ್ಟೆ. ಪ್ರೋಗ್ರಾಮ್ ಬಾಯಿ ತೆರೆದು, ಕ್ಯಾಲೆಂಡರಿನ ಫೈಲ್ ಇಲ್ಲವೆಂದು ಸತ್ತಿತು. ಆ ಕಾಲದ ಪ್ರೋಗ್ರಾಮುಗಳು ಹಾಗೆಯೇ: ಕ್ಯಾಲೆಂಡರ್, ಪಟ್ಟಿ, ಗುಂಡಿ ಎಲ್ಲವನ್ನೂ ಬೇರೆ ಬೇರೆ ಫೈಲುಗಳಿಂದ ಕಡ ತಂದು ಸಂಸಾರ ಹೂಡಿದವು.

"ಆ ಫೈಲಿರೋ ಮೂಲ ಸಿ.ಡಿ. ಇದೆ, ಗಾಬರಿ ಬೇಡ," ಎಂದರು ಮಾವ.

"ಎಲ್ಲಿದೆ?"

"ಒಲೆ ಮೇಲಿನ ಅಟ್ಟದಲ್ಲಿ. ಮಳೆಗಾಲಕ್ಕೆ ಬೂಷ್ಟು ಹಿಡೀಬಾರ್ದು ಅಂತ ಹೊಗೆಗೆ ಕಟ್ಟಿದ್ದೀನಿ."

ಕೆಡದಿರಲೆಂದು ಒಲೆ ಮೇಲೆ ತೂಗುವ ಮಾಂಸಕ್ಕೆ ಸಲ್ಲುವ ಮರ್ಯಾದೆ ಸಿ.ಡಿ.ಗೂ ಸಂದಿತ್ತು. ಡ್ರೈವ್ ಅದನ್ನು ಒಮ್ಮೆ ಮೂಸಿ ಹೊರಗೆ ತಳ್ಳಿತು.

ಇಂಟರ್ನೆಟ್ಟಿನಲ್ಲಿ ಹುಡುಕಿ ಅದೇ ಹೆಸರಿನ ಫೈಲ್ ತಂದೆ. ವರ್ಷನ್ ಬೇರೆ. ಪ್ರೋಗ್ರಾಮ್ ಅದರ ಮುಖ ನೋಡಲಿಲ್ಲ.

"ಹೆಸರು ಒಂದೇ ಅಂತ ಮನೆಯೊಳಗೆ ಬಿಟ್ಕೊಳ್ತಾರಾ ಮಾರಾಯ?" ಎಂದು ಮಾವ ಪ್ರೋಗ್ರಾಮಿನ ಪರ ನಿಂತರು.

ಕೊನೆಗೆ ಈಗಿನ ಕಾಲದ ಕ್ಯಾಲೆಂಡರ್ ಒಂದನ್ನು ಜೋಡಿಸಿದೆವು. ಓಡಿತು. ಅತ್ತೆಯನ್ನು ಸಮಾರಂಭಪೂರ್ವಕವಾಗಿ ಕರೆತಂದು ಕೂರಿಸಿದೆವು. ಅವರು ತೆರೆಗೆ ಮೂಗು ತಾಗಿಸಿ ನೋಡಿದರು.

"ಇದೇನ್ರೀ, ಸಾಸಿವೆ ಚೆಲ್ಲಿದ್ದೀರಾ?"

ಅಂಕಿಗಳು ಅಷ್ಟು ಸಣ್ಣ; ದೊಡ್ಡದು ಮಾಡಲು ಆ ಕ್ಯಾಲೆಂಡರ್ ಒಪ್ಪುವುದಿಲ್ಲ.

"ಬಿಡಿ, ಇನ್ಮೇಲೆ ಫೋನ್ ನೀವೇ ತಗೊಳ್ಳಿ," ಎಂದು ಅತ್ತೆ ಎದ್ದು ಒಳಗೆ ಹೋದರು.

ಮುಂದಿನ ಭಾನುವಾರ ಹೋದಾಗ ಮಾವ ಯಾರ ಫೈಲಿನ ಹಂಗೂ ಬೇಡವೆಂದು ಕ್ಯಾಲೆಂಡರನ್ನು ತಾವೇ ಕಟ್ಟುತ್ತಿದ್ದರು: ದಿನಕ್ಕೊಂದು ಗುಂಡಿ, ಒಂದೊಂದೂ ರೊಟ್ಟಿಯಷ್ಟು ಅಗಲ. ಆದರೆ ನಾನು ಬಾಗಿಲಲ್ಲೇ ನಿಂತದ್ದು ಅದನ್ನು ನೋಡಿ ಅಲ್ಲ. ಮಾವ ಕಾಫಿ ಸೋಸುವ ಬಟ್ಟೆಯನ್ನು ಮಡಚಿ ಕಣ್ಣಿಗೆ ಕಟ್ಟಿಕೊಂಡು, ತಡವರಿಸುತ್ತ ಮೌಸ್ ಆಡಿಸುತ್ತಿದ್ದರು.

"ಇದೆಂಥ ವೇಷ ಮಾವ?"

"ಮೆಲ್ಲಗೆ ಮಾತಾಡು. ನಿನ್ನತ್ತೆ ಹತ್ರ ಕೇಳ್ಕೊಂಡೆ, ಅವಳಿಗೆ ಎಷ್ಟು ಕಾಣ್ತದೆ ಅಂತ. ನಾಲ್ಕು ಮಡಿಕೆ ಹಾಕಿದ್ರೆ ಸರಿಯಾಗಿ ಅಷ್ಟೇ." ಅವರು ತೆರೆಯತ್ತ ಬಾಗಿದರು. "ಹಳದಿ ಗುಂಡಿ ಕಾಣ್ತದೆ. ನೀಲಿ ಕಾಣೋದಿಲ್ಲ ಮಾರಾಯ. ನೀಲಿ ತೆಗೀಬೇಕು."